ತೊಳೆದ ಚೀಲ

ಪ್ರಾಣಿಗಳ ಮೇಲೆ ಔಷಧ ಪ್ರಯೋಗ ಮಾಡಕೂಡದು ಎಂಬ ಕಾಯಿದೆ ಬಂದ ವರ್ಷ ಇಲಿ ಮೊಲಗಳಿಗೇನೋ ಒಳ್ಳೆಯದೇ ಆಯಿತು. ಮನುಷ್ಯರಿಗೆ ಏನಾಯಿತು ಅನ್ನುವುದನ್ನು ಮಾತ್ರ ಯಾರೂ ಸರಿಯಾಗಿ ಕೇಳಲಿಲ್ಲ.

ಇಲಿಯ ಜಾಗಕ್ಕೆ ಏನಾದರೂ ಬೇಕಲ್ಲ? ದೊಡ್ಡ ದೊಡ್ಡವರು ಕೂತು, ಚಹಾ ಕುಡಿದು, ಜಗಳಾಡಿ, ಕೊನೆಗೊಂದು ತೀರ್ಮಾನಕ್ಕೆ ಬಂದರು. ಒಂದು ಗಾಜಿನ ಜಾಡಿ. ಅದರಲ್ಲಿ ಮೈಬಿಸಿಯಷ್ಟು ಬೆಚ್ಚಗಿನ ಉಪ್ಪುನೀರು. ಆ ನೀರಿನಲ್ಲಿ ತೂಗಾಡುವ ಡಯಾಲಿಸಿಸ್ ಪೊರೆಯ ಚೀಲ. ಇನ್ನು ಮೇಲೆ ಔಷಧದ ಪಾಲಿಗೆ ಇದೇ ದೇಹ, ಈ ಜಾಡಿ ಹೇಳಿದ್ದೇ ಕೊನೆಯ ಮಾತು.

ಕಿಡ್ನಿ ಕೆಟ್ಟವರ ರಕ್ತ ಸೋಸುವ ಯಂತ್ರದಲ್ಲಿ ಇರುತ್ತದಲ್ಲ, ಅದೇ ಜಾತಿಯ ಪೊರೆ. ಉಳ್ಳಾಗಡ್ಡಿಯ ಒಳಸಿಪ್ಪೆಯಷ್ಟು ತೆಳು. ಮೈತುಂಬ ಕಣ್ಣಿಗೆ ಕಾಣದ ತೂತು. ತೂತಿಗಿಂತ ಸಣ್ಣ ಕಣ ಹೊರಗೆ ಹೋಗುತ್ತದೆ, ದೊಡ್ಡದು ಒಳಗೇ ಉಳಿಯುತ್ತದೆ. ಚೀಲಕ್ಕೆ ಔಷಧ ತುಂಬಿ, ಎರಡೂ ತುದಿಗೆ ಕ್ಲಿಪ್ಪು ಹಾಕಿ ಜಾಡಿಗೆ ಬಿಡುವುದು. ಆಗಾಗ ಜಾಡಿಯ ನೀರನ್ನು ಒಂದಿಷ್ಟು ತೆಗೆದು, ಅಷ್ಟೇ ಹೊಸ ನೀರು ಸುರಿದು, ತೆಗೆದದ್ದನ್ನು ಅಳೆಯುವುದು. ಔಷಧ ಎಷ್ಟು ನಿಧಾನವಾಗಿ ಹೊರಬರುತ್ತದೆ ಎಂಬುದು ಹೀಗೆ ಗೊತ್ತಾಗುತ್ತದೆ.

ಹುಬ್ಬಳ್ಳಿಯ ಔಷಧ ಕಂಪನಿಯೊಂದರಲ್ಲಿ ಈ ಜಾಡಿಗಳ ವಿಭಾಗಕ್ಕೆ ಡಾ. ನಾಗವೇಣಿ ಕುಬಸದ ಮುಖ್ಯಸ್ಥೆ. ನಲವತ್ತೈದರ ಆಸುಪಾಸಿನ ಹೆಂಗಸು. ಮಾತು ಕಡಿಮೆ, ಶಿಸ್ತು ಜಾಸ್ತಿ. ಚೀಲ ತೊಳೆಯುವುದರಲ್ಲಿ ಆಕೆಯನ್ನು ಮೀರಿಸಿದವರಿರಲಿಲ್ಲ. ಪೊರೆ ಒಣಗಿ ಸೀಳದಿರಲೆಂದು ತಯಾರಿಸುವವರು ಅದಕ್ಕೆ ಗ್ಲಿಸರಿನ್ ಸವರಿರುತ್ತಾರೆ. ಅದು ಕೊಂಚ ಉಳಿದರೂ ಲೆಕ್ಕವೆಲ್ಲ ತಲೆಕೆಳಗು. ಹಾಗಾಗಿ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಬೇಕು, ಶುದ್ಧ ನೀರಿನಲ್ಲಿ ಮತ್ತೆ ಮತ್ತೆ ಜಾಲಾಡಿಸಬೇಕು. ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾಗವೇಣಿ ಹೇಳುತ್ತಿದ್ದ ಮೊದಲ ಮಾತೇ ಅದು: "ನೀವು ಜಳಕ ಮಾಡಲಾರದ ಬಂದ್ರೂ ನಡೀತೈತಿ. ಚೀಲ ತೊಳೀಲಾರದ ಜಾಡಿಗೆ ಬಿದ್ರ ನಡಿಯೂದಿಲ್ಲ."

ಆ ಕಂಪನಿಯವರಿಗೇ ಮೊದಲು ಹೊಳೆದದ್ದು. ಔಷಧವನ್ನು ಚೀಲದಲ್ಲಿಟ್ಟು ಅಳೆಯುತ್ತೇವೆ, ಆ ಚೀಲವನ್ನೇ ಜನರ ಮೈಯೊಳಗೆ ಇಟ್ಟುಬಿಟ್ಟರೆ? ಹೊಟ್ಟೆಯ ಚರ್ಮದ ಕೆಳಗೆ ಹುಣಿಸೆಬೀಜದ ಗಾತ್ರದ ಚೀಲ, ಅದಕ್ಕೊಂದು ಪುಟ್ಟ ಗುಂಡಿ. ತಿಂಗಳಿಗೊಮ್ಮೆ ದವಾಖಾನೆಗೆ ಹೋಗಿ ಗುಂಡಿಯ ಮೂಲಕ ಗಟ್ಟಿ ಇನ್ಸುಲಿನ್ ತುಂಬಿಸಿಕೊಂಡು ಬಂದರೆ ಮುಗಿಯಿತು, ತಿಂಗಳಿಡೀ ಅದು ತಾನೇ ಜಿನುಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ದಿನವೂ ಚುಚ್ಚಿಕೊಳ್ಳುವ ಗೋಳಿಲ್ಲ. ಜಾಡಿಯಲ್ಲಿ ಇಟ್ಟು ನೋಡಿದರು. ಗೆರೆ ಎಳೆದ ಹಾಗೆ ಇನ್ಸುಲಿನ್ ಹೊರಬಂತು. ಜಾಡಿ ಹೌದು ಅಂದಿತು, ಕಾಯಿದೆ ಹೌದು ಅಂದಿತು, ವರ್ಷ ತುಂಬುವುದರೊಳಗೆ ಊರೂರಲ್ಲಿ ಜನರ ಹೊಟ್ಟೆಯೊಳಗೆ ಚೀಲ ಕೂತವು. ಪರೀಕ್ಷೆಗೆ ರುಜು ಹಾಕಿದವಳು ನಾಗವೇಣಿ.

ಆಕೆಯ ಮನೆಯಲ್ಲಿ ಚೀಲ ಹಾಕಿಸಿಕೊಂಡವರು ಅತ್ತೆ ಚಂಬವ್ವ. ಎಪ್ಪತ್ತು ದಾಟಿದ ಜೀವ, ಬಾಯಿ ಮಾತ್ರ ಇಪ್ಪತ್ತರದ್ದು. ಹಣೆತುಂಬ ವಿಭೂತಿ ಬಳಿದುಕೊಂಡು ಕಟ್ಟೆಯ ಮೇಲೆ ಕೂತರೆ ಇಡೀ ಓಣಿಯ ಸುದ್ದಿ ಅಲ್ಲೇ ಇತ್ಯರ್ಥವಾಗಬೇಕು. ಅಲ್ಲಿಯವರೆಗೆ ಮುಂಜಾನೆ ಸಂಜೆ ಆಕೆಗೆ ಇನ್ಸುಲಿನ್ ಚುಚ್ಚುತ್ತಿದ್ದವಳು ನಾಗವೇಣಿಯೇ. ಚಂಬವ್ವನ ಮಗ, ನಾಗವೇಣಿಯ ಗಂಡ ಶಿವಯೋಗಿ ರೈಲ್ವೆ ವರ್ಕ್‌ಶಾಪಿನಲ್ಲಿ ದೊಡ್ಡ ದೊಡ್ಡ ಗಾಲಿ ಎತ್ತುವವನು, ಸೂಜಿ ಕಂಡರೆ ಮಾತ್ರ ಮುಖ ತಿರುಗಿಸುತ್ತಿದ್ದ.

"ಮಂದಿ ಸೊಸ್ತೇರು ಬಾಯಿಲೆ ಚುಚ್ಚತಾರ. ನನ್ನ ಸೊಸಿ ಹಂಗಲ್ಲ, ನೇರ ಸೂಜೀಲೇನ ಚುಚ್ಚತಾಳ" ಎಂದು ಚಂಬವ್ವ ಓಣಿಯಲ್ಲಿ ಹೇಳಿಕೊಂಡು ನಗುತ್ತಿದ್ದಳು. ಚೀಲ ಬಂದ ಮೇಲಂತೂ ಆಕೆಯನ್ನು ಹಿಡಿಯುವವರಿಲ್ಲ. ಸೆರಗು ಸರಿಸಿ ಹೊಟ್ಟೆ ತೋರಿಸಿ, "ಮುಟ್ಟಿ ನೋಡ್ರಿ, ನಮ್ಮ ನಾಗವ್ವ ಮಾಡಿದ್ದು" ಅನ್ನುವಳು. ನಾಗವೇಣಿಗೆ ನಾಚಿಕೆಯಾಗುತ್ತಿತ್ತು. ಒಳಗೊಳಗೆ ಹಿಗ್ಗೂ ಆಗುತ್ತಿತ್ತು.

ಆರೇಳು ತಿಂಗಳು ಎಲ್ಲ ಚೆನ್ನಾಗಿತ್ತು. ಆಮೇಲೆ ಸಕ್ಕರೆ ಏರತೊಡಗಿತು. ಒಬ್ಬರದಲ್ಲ, ಇಬ್ಬರದಲ್ಲ, ಎಲ್ಲ ಕಡೆಯಿಂದ ದೂರು. ಕಂಪನಿಯವರು ಸುಮ್ಮನೆ ಕೂರಲಿಲ್ಲ. ಕೂತರು ಎಂದು ಯಾರೂ ಆಡುವಂತಿಲ್ಲ. ಕೆಲವರ ಚೀಲ ತೆಗೆಸಿ, ಐಸ್ ಪೆಟ್ಟಿಗೆಯಲ್ಲಿಟ್ಟು ತರಿಸಿ ಪರೀಕ್ಷೆ ಮಾಡಿದರು. ನಾಗವೇಣಿಯ ಕೈಕೆಳಗೇ ಎಲ್ಲ ಕ್ರಮವಾಗಿ ನಡೆಯಿತು: ಬಂದ ಚೀಲವನ್ನು ಸೋಡಾ ನೀರಿನಲ್ಲಿ ಕುದಿಸಿ, ಜಾಲಾಡಿಸಿ, ಹೊಸ ಇನ್ಸುಲಿನ್ ತುಂಬಿ ಜಾಡಿಗೆ ಬಿಡುವುದು. ಒಂದೊಂದೂ ಹೊಸ ಚೀಲದ ಹಾಗೇ ಕೆಲಸ ಮಾಡಿತು. ಎಲ್ಲವೂ ಪಾಸು.

ಚೀಲ ಸರಿಯಿದೆ ಎಂದ ಮೇಲೆ ತಪ್ಪು ಯಾರದು? ಬಾಯಿಚಪಲದ್ದು. ಟಿವಿಯಲ್ಲಿ ಡಾಕ್ಟರುಗಳು ಬಂದು ಬುದ್ಧಿ ಹೇಳಿದರು. ಚೀಲ ಇದ್ದವರಿಗೆ ಮೇಲಿಂದ ಸೂಜಿ ಕೊಡಕೂಡದು, ಎರಡೂ ಸೇರಿದರೆ ಸಕ್ಕರೆ ಪಾತಾಳಕ್ಕಿಳಿದು ಜೀವ ಹೋದೀತು ಎಂಬ ನಿಯಮ ಮೊದಲೇ ಇತ್ತು. ಉಳಿದದ್ದು ಪಥ್ಯ ಒಂದೇ. ಮನೆಮನೆಯಲ್ಲಿ ಬೆಲ್ಲದ ಡಬ್ಬಿಗೆ ಬೀಗ ಬಿತ್ತು. ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದಕ್ಕೆಂದೇ ಚಿಕ್ಕ ಬೀಗ ಮಾರಾಟಕ್ಕೆ ಬಂದವು. ಮೊಮ್ಮಕ್ಕಳನ್ನು ಕಳಿಸಿ ಅಜ್ಜ ಅಜ್ಜಿಯರ ಬಾಯಿ ಮೂಸಿ ನೋಡಿಸುತ್ತಿದ್ದರು. ಮದುವೆಯ ಪಂಕ್ತಿಯಲ್ಲಿ ಚೀಲದವರನ್ನು ಬೇರೆ ಕೂರಿಸಿ, ಬರೀ ಅನ್ನ ಸಾರು ಬಡಿಸಿ ಎಬ್ಬಿಸುತ್ತಿದ್ದರು. ದಶಕಗಳ ಕಾಲ ಜೊತೆಗೆ ಬಾಳಿದ ಗಂಡ ಹೆಂಡತಿ ಒಬ್ಬರನ್ನೊಬ್ಬರು ಕಳ್ಳರಂತೆ ನೋಡತೊಡಗಿದರು. ಥೂ, ಏನು ಕಾಲ ಬಂತಪ್ಪ ಅದು!

ನಾಗವೇಣಿಯ ಮನೆಯೂ ಹೊರತಲ್ಲ. ಚಂಬವ್ವ ಬಡಕಲಾಗುತ್ತ ಬಂದಳು. ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದಳು. ಬಾಯಾರಿಕೆಯೇ ಸಿಹಿ ತಿಂದದ್ದಕ್ಕೆ ಸಾಕ್ಷಿ ಎಂದು ಟಿವಿಯವರು ಹೇಳಿದ ಮೇಲೆ ಅದನ್ನೂ ಬಚ್ಚಲಿಗೆ ಹೋಗಿ ಕದ್ದು ಕುಡಿಯುತ್ತಿದ್ದಳು.

"ಅತ್ತಿ, ಖರೆ ಹೇಳ್ರಿ. ಏನ್ ತಿಂದೀರಿ?"

"ಅರ್ಧ ರೊಟ್ಟಿ, ಪುಂಡಿಪಲ್ಯ. ನೀನs ಹಾಕಿದ್ದೆಲ್ಲ?"

"ಅದಲ್ರಿ. ನಾ ಆಫೀಸಿಗೆ ಹೋದ ಮ್ಯಾಲೆ?"

"ಏನೂ ಇಲ್ಲ ಯವ್ವಾ. ಲಿಂಗದಾಣಿ."

"ಮತ್ತ ಸಕ್ಕರಿ ಹೆಂಗ ಏರತೈತ್ರಿ? ಚೀಲ ಚಲೋನ ಐತಿ. ನನ್ನ ಕೈಯಾರೆ ನೋಡೀನಿ ನಾ."

ಒಂದು ದಿನ ಚಂಬವ್ವ ಕಟ್ಟೆಯ ಮೇಲಿದ್ದಾಗ ನಾಗವೇಣಿ ಆಕೆಯ ಹಾಸಿಗೆ ಕೊಡವಿದಳು, ದಿಂಬಿನೊಳಗೆ ಕೈಹಾಕಿದಳು, ಟ್ರಂಕಿನ ತಳ ತಡಕಿದಳು. ಸಿಕ್ಕಿದ್ದು ಒಂದು ವಿಭೂತಿ ಗಟ್ಟಿ, ಸತ್ತ ಮಾವನವರ ಕನ್ನಡಕ. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ ನಿಂತಿದ್ದಾಳೆ. ಬೈಯಲಿಲ್ಲ. ಸೀರೆಗಳನ್ನು ಒಂದೊಂದಾಗಿ ಮಡಚಿ ಮತ್ತೆ ಟ್ರಂಕಿಗೆ ಇಟ್ಟುಕೊಂಡಳು. ಮಾರನೆಯ ದಿನದಿಂದ ಕಟ್ಟೆಗೆ ಹೋಗುವುದನ್ನೇ ಬಿಟ್ಟಳು.

ಅದೇ ತಿಂಗಳು ಕಂಪನಿಯಿಂದ ವಿಚಾರಣೆಗೆ ಒಬ್ಬಳು ಹುಡುಗಿ ಬಂದಳು. ಸಕ್ಕರೆ ಏರಿದವರ ಮನೆಗೆಲ್ಲ ಹೋಗಿ, ಫೋನಿನ ಕ್ಯಾಮೆರಾ ಮುಂದೆ ಅವರ ಹೇಳಿಕೆ ತೆಗೆದುಕೊಳ್ಳುವುದು ಅವಳ ಕೆಲಸ. ತಿಂದಿಲ್ಲ ಎಂದರೆ ಅದು ಚೀಲದ ಮೇಲಿನ ತಕರಾರು. ಆಗ ಚೀಲ ತೆಗೆದು ಹಳೆಯ ಸೂಜಿಗೆ ಮರಳಬಹುದು. ತಿಂದೆ ಎಂದರೆ ಪಥ್ಯ ಮುಂದುವರಿಯುತ್ತದೆ. ಹುಡುಗಿ ವಿನಯವಾಗಿ ಕೇಳಿದಳು.

"ಅಜ್ಜಿ, ವಿಚಾರ ಮಾಡಿ ಹೇಳ್ರಿ. ತಕರಾರು ಅಂದ್ರ ಆ ಚೀಲಕ್ಕ ರುಜು ಹಾಕಿದವರನ್ನ ನಾವು ಕರಸಿ ಕೇಳಬೇಕಾಗ್ತೈತಿ."

ರುಜು ಹಾಕಿದವಳು ಅಡುಗೆಮನೆಯ ಬಾಗಿಲಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಳು. ಚಂಬವ್ವ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ಫೋನಿನತ್ತ ತಿರುಗಿ, "ತಿಂದೀನಿ ಬಿಡವಾ" ಅಂದಳು. "ಹೋಳಿಗಿ ತಿಂದೀನಿ. ಬೆಲ್ಲ ತಿಂದೀನಿ. ಮುದುಕಿ ಆದೆ, ನಾಲಿಗಿ ಮಾತ ಕೇಳೂದಿಲ್ಲ. ನಮ್ಮ ನಾಗವ್ವನ ಚೀಲ ಚಲೋ ಐತಿ."

ಆ ಸಂಜೆ ಗಂಡ ಮನೆಗೆ ಬಂದ ಕೂಡಲೆ ನಾಗವೇಣಿ, "ಕೇಳಿದ್ರೇನು? ನಾ ಹೇಳಿರಲಿಲ್ಲ? ಅವರs ಒಪ್ಪಿಕೊಂಡ್ರು" ಅಂದಳು. ಅವಳ ದನಿಯಲ್ಲಿ ಗೆಲುವಿತ್ತು. ಎಷ್ಟೋ ವಾರಗಳ ಮೇಲೆ ಅವತ್ತು ಅವಳಿಗೆ ಗಡದ್ದಾಗಿ ನಿದ್ದೆ ಬಂತು.

ಹುಬ್ಬಳ್ಳಿಯಲ್ಲಿ ನೀರು ಬರುವುದು ಯಾವಾಗ ಎಂದು ಕೇಳಿದರೆ ದೇವರೂ ತಲೆ ಕೆರೆದುಕೊಳ್ಳಬೇಕು. ಆ ಬೇಸಿಗೆಯಲ್ಲಿ ಪೈಪು ಒಡೆದು ಕೈಗಾರಿಕಾ ಪ್ರದೇಶಕ್ಕೆ ವಾರಗಟ್ಟಲೆ ನೀರಿಲ್ಲ. ಟ್ಯಾಂಕರಿನವನು ಇವತ್ತು ನಾಳೆ ಎನ್ನುತ್ತ ಕಾಲ ತಳ್ಳುತ್ತಿದ್ದ. ಪ್ರಯೋಗಾಲಯದ ಶುದ್ಧ ನೀರಿನ ಯಂತ್ರ ನಿಂತುಹೋಗಿ, ತೊಳೆಯುವ ಕೋಣೆ ಒಣಗಿತ್ತು. ಆ ದಿನಗಳಲ್ಲೇ ಒಂದು ಬೆಳಗ್ಗೆ, ನಾಗವೇಣಿ ಒಳಗೆ ಬರುತ್ತಿದ್ದ ಹಾಗೆ, ಸಹಾಯಕ ಸಂಶೋಧಕಿ ಫರೀದಾ ಎದುರಿಗೆ ಬಂದು ತಡವರಿಸಿದಳು.

"ಮೇಡಂ, ಒಂದು ತಪ್ಪಾಗೇತ್ರಿ. ಬೈಬ್ಯಾಡ್ರಿ ಮತ್ತ."

"ಏನಾತು?"

"ದವಾಖಾನಿಯಿಂದ ಬಂದ ಚೀಲ ಒಂದ, ನೀರಿಲ್ಲಂತ ಹಂಗs ಕುಂತಿತ್ರಿ. ಜಾಡಿಯೊಳಗ ಉಪ್ಪುನೀರು ಮೊದಲ ತುಂಬಿಟ್ಟಿದ್ದೆ, ಅದು ಕೆಟ್ಟುಹೋಗ್ತೈತಿ ಅಂತ ತೊಳೀಲಾರದs ಹೊಸ ಇನ್ಸುಲಿನ್ ತುಂಬಿ ಬಿಟ್ಟಬಿಟ್ಟೆ. ಈಗ ನೋಡಿದ್ರ ಏನೂ ಬಂದಿಲ್ಲ. ರದ್ದು ಮಾಡಿ ತಗದುಬಿಡ್ತೀನ್ರಿ."

"ಏನೂ ಅಂದ್ರ?"

"ಏನೂನೂ ಇಲ್ರಿ. ಜಾಡಿ ನೀರಾಗ ಇನ್ಸುಲಿನ್ ಇಲ್ಲವೇ ಇಲ್ಲ."

ನಾಗವೇಣಿ ಕೈಗವಸು ಹಾಕಿಕೊಂಡು ಚೀಲವನ್ನು ಎತ್ತಿ ಬೆಳಕಿಗೆ ಹಿಡಿದಳು. ಪಾರದರ್ಶಕವಾಗಿ ಇರಬೇಕಾದ ಪೊರೆ ಮಂಕಾಗಿ ಬಿಳಿಚಿತ್ತು. ಕಾದಾರಿದ ಹಾಲಿನ ಮೇಲೆ ಕಟ್ಟುವ ಕೆನೆಯಂಥದೊಂದು ಪದರ ಅದರ ಸುತ್ತ ಗಟ್ಟಿಯಾಗಿ ಹತ್ತಿಕೊಂಡಿತ್ತು. ಮೈಯೊಳಗೆ ಹೊರಗಿನ ವಸ್ತು ಏನೇ ಬರಲಿ, ರಕ್ತದ ಜೀವಕೋಶಗಳು ಬಂದು ಮುತ್ತಿಕೊಂಡು ಗೋಡೆ ಕಟ್ಟುತ್ತವೆ. ಇದು ಪದವಿಯ ಹುಡುಗರಿಗೂ ಗೊತ್ತಿರುವ ವಿಷಯ. ನಾಗವೇಣಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಜಾಡಿಯ ಉಪ್ಪುನೀರಿನಲ್ಲಿ ಜೀವಕೋಶ ಎಲ್ಲಿಂದ ಬರಬೇಕು? ಜನರ ಮೈಯಿಂದ ಬಂದ ಚೀಲಗಳ ಮೇಲೆ ಆ ಗೋಡೆ ಕಂಡೇ ಕಾಣುತ್ತಿತ್ತು, ಆದರೆ ಅದನ್ನು ಯಾರೂ ಗೋಡೆ ಎಂದುಕೊಳ್ಳಲಿಲ್ಲ. ಕೊಳೆ ಎಂದುಕೊಂಡರು. ಕುದಿಸಿದರು, ಜಾಲಾಡಿಸಿದರು, ಬಚ್ಚಲಿಗೆ ಸುರಿದರು. ಆಮೇಲೆ ಶುಚಿಯಾದ ಚೀಲವನ್ನು ಜಾಡಿಗಿಟ್ಟು ಪಾಸು ಮಾಡಿದರು.

ಪೆಟ್ಟಿಗೆಯಲ್ಲಿ ಉಳಿದಿದ್ದ ಚೀಲಗಳನ್ನೂ ತೊಳೆಯದೆ, ಇನ್ಸುಲಿನ್ ತುಂಬಿ ಜಾಡಿಗೆ ಬಿಡಲು ಹೇಳಿದಳು. ಒಂದರಿಂದಲೂ ಇನ್ಸುಲಿನ್ ಹೊರಬರಲಿಲ್ಲ. ಯಾರೂ ಹೋಳಿಗೆ ತಿಂದಿರಲಿಲ್ಲ. ಊರೂರಿನ ಆ ಮುದುಕ ಮುದುಕಿಯರು ಆಣೆ ಮಾಡಿ ಹೇಳಿದ್ದೆಲ್ಲ ನಿಜವಾಗಿತ್ತು.

ನಿರ್ದೇಶಕ ಹಳಿಯಾಳರು ಆಕೆಯ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರೇನಲ್ಲ. ಆದರೆ ಕುರ್ಚಿ ಮನುಷ್ಯನ ಬಾಯಲ್ಲಿ ಬೇರೆಯೇ ಮಾತು ಆಡಿಸುತ್ತದೆ.

"ತೊಳೀಲಾರದ ಇಟ್ಟ ಚೀಲದ ಪರೀಕ್ಷೆ ಪರೀಕ್ಷೆನ ಅಲ್ಲ, ನಾಗವೇಣಿಯವರ. ಕಾಯಿದೆಯೊಳಗ ಬರದಾರ, ತೊಳದs ಇಡಬೇಕು ಅಂತ. ಆ ನಿಯಮ ಬರಿಯುವಾಗ ಚೀಲ ತೊಳಿಯೂದರ ಮ್ಯಾಲೆ ನೀವು ಬರದ ಪ್ರಬಂಧನ ಮುಂದ ಇಟಗೊಂಡಿದ್ರಲ್ಲ?"

"ತಪ್ಪಾತ್ರಿ ಸರ್. ಈಗ ತಿದ್ದೋಣಲ್ಲ?"

"ತಿದ್ದಾಕ ದಾರಿ ಬೇಕಲ್ಲ? ರೋಗಿ ತಾನ ತಕರಾರು ಮಾಡಿದ್ರ, 'ನಾ ಏನೂ ತಿಂದಿಲ್ಲ, ಚೀಲ ಕೆಲಸ ಮಾಡವಲ್ದು' ಅಂತ ಹೇಳಿದ್ರ, ಅವಾಗ ನಾ ಮ್ಯಾಲಿನವರಿಗೆ ಬರೀಬಹುದು. ವಿಚಾರಣಿ ಮುಗದೈತಿ. ಒಬ್ಬರೂ ಹಂಗ ಅಂದಿಲ್ಲ. ಎಲ್ಲಾರೂ ತಿಂದೇವಿ ಅಂತ ಒಪ್ಪಿಕೊಂಡಾರ. ನಿಮ್ಮ ಅತ್ತಿಯವರೂ."

ಒಬ್ಬರೂ ಅಂದಿಲ್ಲವೆಂದರೆ ಆಶ್ಚರ್ಯವೇನಿದೆ? ಮಗ ಸೊಸೆ ಮೊಮ್ಮಕ್ಕಳು, ಡಾಕ್ಟರು, ಟಿವಿ ಎಲ್ಲರೂ ಸುತ್ತ ನಿಂತು ಸುಳ್ಳು ಸುಳ್ಳು ಎಂದರೆ ಎಷ್ಟು ದಿನ ತಡೆದಾರು? ಮನೆಯಲ್ಲಿ ನೆಮ್ಮದಿ ಸಿಗಲಿ ಅಂತ ಒಪ್ಪಿಕೊಂಡಿದ್ದರು.

"ಒಬ್ಬರು ಹೇಳಿಕಿ ಬದಲಿಸಿದ್ರೂ ಸಾಕು. ಅಷ್ಟಾದ್ರ ನಾ ಎಲ್ಲಾ ಚೀಲ ತಗಸೂದಕ್ಕ ಬರೀತೀನಿ. ನನ್ನ ಮಾತು" ಎಂದರು ಹಳಿಯಾಳರು.

ಚಂಬವ್ವ ಅಷ್ಟರಲ್ಲಿ ಆಸ್ಪತ್ರೆ ಸೇರಿದ್ದಳು. ಎಡಗಾಲಿನ ಹೆಬ್ಬೆರಳಿಗೆ ಚಪ್ಪಲಿ ಕಚ್ಚಿದ ಗಾಯ ಮಾಯದೆ ಪಾದವೆಲ್ಲ ಕಪ್ಪಿಟ್ಟಿತ್ತು. ಡಾಕ್ಟರು ಶಿವಯೋಗಿಗೆ ಸ್ಪಷ್ಟವಾಗಿಯೇ ಹೇಳಿದ್ದರು: ಚೀಲ ತೆಗೆದು ಸೂಜಿ ಶುರು ಮಾಡಿದರೆ ಕಾಲು ಉಳಿಯಬಹುದು. ಆದರೆ ಪಥ್ಯ ತಪ್ಪಿದ್ದಾಗಿ ಆಕೆಯೇ ಒಪ್ಪಿರುವಾಗ, ಆ ಹೇಳಿಕೆ ಬದಲಾಗದೆ ನಾನು ಚೀಲ ಮುಟ್ಟುವ ಹಾಗಿಲ್ಲ, ಸೂಜಿಯನ್ನೂ ಕೊಡುವ ಹಾಗಿಲ್ಲ.

ನಾಗವೇಣಿ ಓಡುತ್ತಲೇ ವಾರ್ಡಿಗೆ ಬಂದಳು. ಮಂಚದ ಪಕ್ಕದಲ್ಲಿ ಕೂತು ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಆ ಕೈಗಳಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ.

"ಅತ್ತಿ, ನನ್ನ ಕಡೆ ತಪ್ಪಾಗೇತ್ರಿ. ಚೀಲ ಕೆಟ್ಟಾವು. ನೀವೇನೂ ತಿಂದಿರಲಿಲ್ಲ. ಪಾಪಿ, ನಿಮ್ಮ ಮ್ಯಾಲೆ ಸುಳ್ಳ ಅಪವಾದ ಹೊರಿಸಿದೆ ನಾನು."

ಚಂಬವ್ವ ಮೆಲ್ಲಗೆ ನಕ್ಕಳು. "ಅಳಬಾರದು. ನಿನ್ನ ಕೈಗುಣ ನನಗ ಗೊತ್ತಿಲ್ಲೇನು?"

"ಇಲ್ರೀ ಅತ್ತಿ, ಕೇಳ್ರಿ ಇಲ್ಲೆ. ಫೋನ್ ಹಿಡೀತೀನಿ. 'ನಾ ಏನೂ ತಿಂದಿಲ್ಲ' ಅಂತ ಒಂದ ಮಾತ ಹೇಳ್ರಿ. ನಾಳೆನs ಚೀಲ ತಗೀತಾರ, ನಿಮ್ಮ ಕಾಲ ಉಳಿತೈತಿ. ಎಷ್ಟೋ ಮಂದಿ ಉಳೀತಾರ."

"ನಿನ್ನ ನೌಕರಿ?"

"ಸುಡ್ಲಿ ನೌಕರಿ! ನನ್ನ ಸಲುವಾಗಿ ಸುಳ್ಳ ಹೇಳಿದ್ರಿ, ನನಗ ಈಗ ತಿಳೀತು."

ಚಂಬವ್ವ ಕಿಟಕಿಯಾಚೆ ಬೇವಿನ ಗಿಡದ ಕಡೆ ನೋಡುತ್ತಿದ್ದಳು. ಆಮೇಲೆ ಯಾರಾದರೂ ಕೇಳಿಸಿಕೊಂಡಾರೆಂದು ದನಿ ತಗ್ಗಿಸಿ ಹೇಳಿದಳು.

"ಅವತ್ತ ಆ ಹುಡುಗಿ ಮುಂದ ಸುಳ್ಳs ಹೇಳಿದ್ದೆ. ಖರೆ. ಆಮ್ಯಾಲೆ ಒಬ್ಬಾಕಿನ ಕುಂತು ವಿಚಾರ ಮಾಡಿದೆ. ನೀ ಅಷ್ಟ ಓದಿದಾಕಿ. ಡಾಕ್ಟರು ಹೇಳ್ತಾರ, ಟಿವಿಯಾಗ ಹೇಳ್ತಾರ, ನನ್ನ ಹೊಟ್ಟ್ಯಾಗ ಹುಟ್ಟಿದ ಮಗಾನೂ ಹೇಳ್ತಾನ. ಎಲ್ಲಾರೂ ಸುಳ್ಳ ಹೇಳ್ತಾರೇನು? ನಾನs ನಿದ್ದಿಗಣ್ಣಾಗ ಎದ್ದು ತಿಂದಿರಬೇಕು. ನೆನಪ ಹಾರತಾವು ಈಗ. ಒಮ್ಮೊಮ್ಮೆ ಬಾಯಾಗ ಬೆಲ್ಲದ ರುಚಿ ಬಂದಂಗ ಆಗ್ತೈತಿ."

"ಇಲ್ರಿ! ಅತ್ತಿ, ಇಲ್ರಿ. ಹಂಗ ಏನೂ ಆಗಿಲ್ಲ."

"ಲಿಂಗ ಕಟಗೊಂಡ ಮೈ ಇದು. ಒಂದ ಸಲ ನಿನ್ನ ಸಲುವಾಗಿ ಸುಳ್ಳ ಆಡಿದೆ, ಆ ಪಾಪ ಸಾಕು. ತಿಂದಾಕಿ ತಿಂದಿಲ್ಲ ಅಂತ ಹೆಂಗ ಹೇಳಲಿ?"

ನಾಗವೇಣಿ ಗೋಗರೆದಳು. ಕೆನೆಯ ವಿಷಯ, ಜಾಡಿಯ ವಿಷಯ, ತೊಳೆಯುವ ವಿಷಯ ಎಲ್ಲವನ್ನೂ ತನಗೆ ತಿಳಿದಷ್ಟು ಸುಲಭವಾಗಿ ಬಿಡಿಸಿ ಹೇಳಿದಳು. ಚಂಬವ್ವ ಕಿವಿಗೊಟ್ಟು ಕೇಳಿದಳು, ಆದರೆ ಅದನ್ನು ಮುದುಕಿಯ ಮನಸ್ಸು ನೋಯದಿರಲೆಂದು ಸೊಸೆ ಹೇಳುತ್ತಿರುವ ಕಥೆಯೆಂದೇ ತಿಳಿದಳು. ಕೊನೆಗೆ ಬೇರೆ ದಾರಿ ಕಾಣದೆ ನಾಗವೇಣಿ ಫೋನು ಎತ್ತಿ ಹಿಡಿದಳು. ಚಂಬವ್ವ ಕಷ್ಟಪಟ್ಟು ದಿಂಬಿಗೆ ಒರಗಿ ಕೂತು, ಸೆರಗು ಸರಿಮಾಡಿಕೊಂಡು ಕೈಮುಗಿದಳು.

"ನಾನು ಚಂಬವ್ವ ಕುಬಸದ. ಸಿಹಿ ತಿಂದೀನ್ರಿ. ಯಾವಾಗ ತಿಂದೆ ಅಂತ ನೆನಪಿಲ್ಲ, ಆದ್ರ ತಿಂದೀನಿ. ಯಾರದೂ ತಪ್ಪಿಲ್ಲ."

ನಾಗವೇಣಿಯ ಕೈಯಿಂದ ಫೋನು ಮಂಚದ ಮೇಲೆ ಬಿತ್ತು. ಆಕೆ ಅತ್ತೆಯ ಮಡಿಲಲ್ಲಿ ಮುಖವಿಟ್ಟು ವಾರ್ಡಿನ ಜನರೆಲ್ಲ ತಿರುಗಿ ನೋಡುವ ಹಾಗೆ ಅತ್ತಳು. ಚಂಬವ್ವ ಅವಳ ತಲೆ ಸವರುತ್ತ ಕೂತಳು.

"ಅಳಬ್ಯಾಡ ನನ್ನವ್ವಾ. ಇನ್ನ ತಿನ್ನೂದಿಲ್ಲ. ನಿನ್ನಾಣಿ, ಇನ್ನ ತಿನ್ನೂದಿಲ್ಲ."